ಬಿಗಿಯ ಲೆಕ್ಕ

ನಲ್ಲಿ ತೊಟ್ಟಿಕ್ಕತೊಡಗಿದರೆ ಮನೆಯವರು ಮೊದಲು ಮಾಡುವ ಕೆಲಸ ಅದನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸುವುದು. ಎರಡು ದಿನ ಹನಿ ನಿಲ್ಲುತ್ತದೆ. ಮೂರನೆಯ ದಿನ ಮತ್ತೆ ಶುರು. ಈ ಸಲ ಮನೆಯಲ್ಲಿ ಕೈ ಗಟ್ಟಿಯಿರುವವರು ಯಾರಾದರೂ ಬಂದು ಇನ್ನೂ ಅರ್ಧ ಸುತ್ತು ತಿರುಗಿಸುತ್ತಾರೆ. ಪ್ಲಂಬರನ್ನು ಕರೆಸುವ ಹೊತ್ತಿಗೆ ಒಳಗಿನ ರಬ್ಬರು ಹರಿದು, ಅದರ ಕೆಳಗಿನ ಹಿತ್ತಾಳೆಗೂ ಗೀರು ಬಿದ್ದಿರುತ್ತದೆ. ಎಷ್ಟು ಬಿಗಿ ಸಾಕು ಎಂಬ ಲೆಕ್ಕ ಕೈಗೆ ಹತ್ತುವುದೇ ಈ ಕಸುಬಿನ ಅರ್ಧ ವಿದ್ಯೆ.

ಸುತ್ತಿ ಸುತ್ತಿ ಮುಚ್ಚುವ ಹಳೆಯ ಮಾದರಿಯ ನಲ್ಲಿಯೊಳಗೆ ಹೆಚ್ಚೇನೂ ಇರುವುದಿಲ್ಲ. ಹಿಡಿಕೆಗೆ ಸೇರಿಕೊಂಡ, ಮೈಮೇಲೆ ಸುತ್ತುಗೆರೆಗಳಿರುವ ಹಿತ್ತಾಳೆಯ ಕಡ್ಡಿಗೆ ಸ್ಪಿಂಡಲ್ ಎಂದು ಹೆಸರು. ಹಿಡಿಕೆ ತಿರುಗಿದಂತೆ ಸ್ಪಿಂಡಲ್ ಕೆಳಗಿಳಿದು, ತನ್ನ ತುದಿಯಲ್ಲಿರುವ ವಾಷರ್ ಎಂಬ ರಬ್ಬರ್ ಬಿಲ್ಲೆಯನ್ನು ಉಂಗುರದಂಥ ಒಂದು ಅಂಚಿನ ಮೇಲೆ ಒತ್ತುತ್ತದೆ. ಆ ಅಂಚು ಸೀಟ್. ವಾಷರ್ ಅದರ ಮೇಲೆ ಮಟ್ಟಸವಾಗಿ ಕೂತರೆ ನೀರು ನಿಂತಿತು. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತಡವನ್ನು ಈ ಪುಟ್ಟ ಬಿಲ್ಲೆ ಹಗಲೂ ರಾತ್ರಿ ತಡೆದು ನಿಲ್ಲಿಸುತ್ತದೆ. ಅದು ಸೋತು ಸೆಕೆಂಡಿಗೊಂದು ಹನಿ ಬಿಟ್ಟರೆ ದಿನಕ್ಕೆ 86,400 ಹನಿ. ಹನಿಗೆ ಕಾಲು ಮಿಲಿಲೀಟರ್ ಎಂದು ಹಿಡಿದರೂ 21 ಲೀಟರ್ ದಾಟುತ್ತದೆ, ದೊಡ್ಡದೊಂದು ಕೊಡದ ತುಂಬ ನೀರು.

ಕೆಲಸ ಶುರುವಾಗುವುದು ನಲ್ಲಿಯ ಹತ್ತಿರವಲ್ಲ, ಮಹಡಿಯ ಮೇಲೆ. “ಅಮ್ಮಾ, ವಾಲ್ವ್ ಎಲ್ಲಿದೆ?” ಎಂದು ಕೇಳಿಯೇ ಪ್ಲಂಬರು ಚೀಲ ಕೆಳಗಿಡುವುದು. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಹಾಕಿರುವ ಗೇಟ್ ವಾಲ್ವನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಅದು ಕಚ್ಚಿಕೊಂಡಿರುತ್ತದೆ. ಜೋರು ಮಾಡಿದರೆ ಒಳಗಿನ ತಗಡು ಕಡ್ಡಿಯಿಂದ ಕಳಚಿಕೊಂಡು, ನಲ್ಲಿ ರಿಪೇರಿಗೆಂದು ಬಂದವರಿಗೆ ವಾಲ್ವ್ ರಿಪೇರಿಯೂ ಗಂಟು ಬೀಳುತ್ತದೆ. ಹಾಗಾಗಿ ಕಾಲು ಸುತ್ತು ಮುಂದೆ, ಒಂದಿಷ್ಟು ಹಿಂದೆ, ಮತ್ತೆ ಮುಂದೆ, ಹೀಗೆ ಪುಸಲಾಯಿಸಿ ಮುಚ್ಚುತ್ತಾರೆ. ಆಮೇಲೆ ಮನೆಯ ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಇಳಿಸುತ್ತಾರೆ. ಗೊಳಗೊಳ ಸದ್ದು ಮಾಡಿ ಪೈಪು ಸುಮ್ಮನಾದ ಮೇಲೆ ಸ್ಪ್ಯಾನರ್ ಹೊರಬರುತ್ತದೆ.

ನಲ್ಲಿ ಬಿಚ್ಚುವ ಮೊದಲು ಹಿಡಿಕೆಯನ್ನು ತೆರೆದ ಸ್ಥಿತಿಗೆ ತಿರುಗಿಸಬೇಕು. ವಾಷರ್ ಸೀಟನ್ನು ಒತ್ತಿಕೊಂಡಿರುವಾಗಲೇ ತಲೆಯ ನಟ್ಟು ತಿರುಗಿಸಿದರೆ ಎರಡೂ ಉಜ್ಜಿಕೊಳ್ಳುತ್ತವೆ. ಹೊಳಪಿನ ಲೇಪಕ್ಕೆ ಹಲ್ಲಿನ ಗುರುತು ಬೀಳದಂತೆ ಹಳೆಯ ಬಟ್ಟೆ ಸುತ್ತಿ, ಒಂದು ಕೈಯಲ್ಲಿ ನಲ್ಲಿಯ ಮೈಯನ್ನು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ನಟ್ಟು ಸಡಿಲಿಸುತ್ತಾರೆ. ಅದುಮಿ ಹಿಡಿಯದಿದ್ದರೆ ಇಡೀ ನಲ್ಲಿಯೇ ಗೋಡೆಯಲ್ಲಿ ತಿರುಗಿ, ಹೊಸದೊಂದು ಸೋರಿಕೆ ಹುಟ್ಟಿಕೊಳ್ಳುತ್ತದೆ.

ಕೈಗೆ ಬಂದ ಹಳೆಯ ವಾಷರನ್ನು ಅನುಭವಸ್ಥರು ಕೂಡಲೇ ಎಸೆಯುವುದಿಲ್ಲ. ಬೆಳಕಿಗೆ ಹಿಡಿದು ಓದುತ್ತಾರೆ. ರಬ್ಬರಿನ ಮೇಲೆ ಸುತ್ತಲೂ ಒಂದೇ ಆಳದ ಬಳೆಯಂಥ ಗುರುತಿದ್ದರೆ ಅದು ಸಹಜವಾಗಿ ಸವೆದದ್ದು, ಬದಲಿಸಿದರೆ ಸಾಕು. ಒಂದೇ ಕಡೆ ಕೊಯ್ದಂತೆ ಇದ್ದರೆ ತಪ್ಪು ಸೀಟಿನದು. ಆಗ ಕಿರುಬೆರಳನ್ನು ಒಳಗಿಳಿಸಿ ಅಂಚಿನ ಮೇಲೆ ಮೆಲ್ಲಗೆ ಸುತ್ತಿಸುತ್ತಾರೆ. ಕಣ್ಣಿಗೆ ಕಾಣದ ಗೀರು ಬೆರಳಿಗೆ ಸಿಗುತ್ತದೆ. ಸೀಟನ್ನು ಉಜ್ಜಿ ಮಟ್ಟ ಮಾಡದೆ ಹೊಸ ವಾಷರ್ ಹಾಕಿದರೆ ಅದೂ ಬೇಗನೆ ಕೊಯ್ದುಕೊಳ್ಳುತ್ತದೆ. ಕೊಳವೆಬಾವಿಯ ಗಡಸು ನೀರಿನ ಮನೆಗಳಲ್ಲಿ ಸ್ಪಿಂಡಲಿಗೆ ಬಿಳಿ ಉಪ್ಪು ಕಟ್ಟಿರುತ್ತದೆ. ಅದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ತಂಬಿಗೆ ಬೆಳಗುವ ಹುಣಸೆಹುಳಿಯಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ ತಿಕ್ಕಿದರೆ ಹಿತ್ತಾಳೆ ಹೊಳೆಯುತ್ತದೆ.

ಈಗಿನ ಕಾಲು ಸುತ್ತಿನ ನಲ್ಲಿಗಳಲ್ಲಿ ರಬ್ಬರಿನ ಬದಲು ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ನಡುವೆ ಮರಳಿನ ಕಣ ಸಿಕ್ಕಿ ಗೀರು ಬಿದ್ದರೆ ಒಳಗಿನ ಭಾಗವನ್ನು ಇಡಿಯಾಗಿ ಬದಲಿಸಬೇಕು. ಅಲ್ಲಿ ಓದಲು ಏನೂ ಸಿಗುವುದಿಲ್ಲ.

ನಲ್ಲಿಯೇ ಗೋಡೆಯಲ್ಲಿ ಅಲ್ಲಾಡುತ್ತಿದ್ದರೆ ಬೇರೆಯದೇ ಪರೀಕ್ಷೆ. ಅದನ್ನು ಪೂರ್ತಿ ಬಿಚ್ಚಿ, ಸುತ್ತುಗೆರೆಗಳಿಂದ ಹಳೆಯ ಟೇಪಿನ ಚೂರುಗಳನ್ನು ಸೂಜಿಯಲ್ಲಿ ಕೆದಕಿ ತೆಗೆದು, ಹೊಸದಾಗಿ ಬಿಳಿಯ ಟೆಫ್ಲಾನ್ ಟೇಪು ಸುತ್ತಬೇಕು. ಇದಕ್ಕೆ ಅಂಟಿಲ್ಲ. ಸುತ್ತುಗೆರೆಗಳ ಸಂದಿಯಲ್ಲಿ ಅಮುಕಿಕೊಂಡು ನೀರಿಗೆ ದಾರಿ ಮುಚ್ಚುವುದಷ್ಟೇ ಇದರ ಕೆಲಸ. ಟೇಪು ಬರುವ ಮೊದಲು ನೂಲಿಗೆ ಸಫೇದ ಎಂಬ ಬಿಳಿ ಲೇಪ ಮೆತ್ತಿ ಸುತ್ತುತ್ತಿದ್ದರು. ಹಳೆಯ ಕಬ್ಬಿಣದ ಪೈಪುಗಳಿಗೆ ಈಗಲೂ ಅದನ್ನೇ ನಂಬುವ ಮೇಸ್ತ್ರಿಗಳಿದ್ದಾರೆ. ನಲ್ಲಿಯ ತುದಿ ನಮ್ಮ ಕಡೆ ಮುಖ ಮಾಡಿರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಟೇಪು ಸುತ್ತಬೇಕು. ಉಲ್ಟಾ ಸುತ್ತಿದರೆ ಕೂಡಿಸುವಾಗ ಅದು ಬಿಚ್ಚಿಕೊಂಡು ಗುಡ್ಡೆಯಾಗುತ್ತದೆ.

ನಿಜವಾದ ಕೈಚಳಕ ಇರುವುದು ಇದರ ಮುಂದೆ. ನಲ್ಲಿ ಬಿಗಿಯಾಗುವುದು ತಿರುಗುತ್ತ ತಿರುಗುತ್ತ. ಆದರೆ ಕೊನೆಗೆ ಅದರ ಮೂತಿ ನೆಟ್ಟಗೆ ಕೆಳಗೇ ನೋಡಬೇಕು. ಸಾಕಷ್ಟು ಬಿಗಿ ಬರುವುದೂ ಮೂತಿ ಕೆಳಮುಖವಾಗುವುದೂ ಒಂದೇ ಗಳಿಗೆಯಲ್ಲಿ ಕೂಡಿಬರಬೇಕು. ಮೂತಿ ಓರೆಯಾಗಿರುವಾಗಲೇ ಬಿಗಿಯಾಯಿತೆಂದು ಒತ್ತಿ ತಿರುಗಿಸಿದರೆ ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಜೋಡಣೆ, ಬಿರುಕು ಬಿಡುತ್ತದೆ. ಅದನ್ನು ಸರಿಪಡಿಸಲು ಟೈಲ್ಸ್ ಒಡೆಯಬೇಕು. ಸ್ವಲ್ಪ ದಾಟಿತಲ್ಲ ಎಂದು ಹಿಂದಕ್ಕೆ ತಿರುಗಿಸುವಂತೆಯೂ ಇಲ್ಲ, ಅಮುಕಿಕೊಂಡ ಟೇಪು ಸಡಿಲವಾಗಿ ಸೋರುತ್ತದೆ. ಉಳಿದ ಉಪಾಯ ಒಂದೇ: ಮತ್ತೆ ಬಿಚ್ಚಿ, ಟೇಪಿನ ಸುತ್ತನ್ನು ಎರಡೋ ಮೂರೋ ಹೆಚ್ಚುಕಮ್ಮಿ ಮಾಡುವುದು. ಕೈ ಪಳಗಿದವರು ಖಾಲಿ ನಲ್ಲಿಯನ್ನು ಒಮ್ಮೆ ಕೂಡಿಸಿ ನೋಡಿ, ಅದು ಎಲ್ಲಿ ನಿಂತಿತೆಂದು ಗಮನಿಸಿ, ಇಷ್ಟು ಸುತ್ತು ಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಆಮೇಲೆ ಒಂದೇ ಸಲಕ್ಕೆ ಮೂತಿ ನೆಟ್ಟಗೆ ಬಂದು ನಿಲ್ಲುತ್ತದೆ. ನೋಡುವವರಿಗೆ ಅದರಲ್ಲಿ ಏನೂ ವಿಶೇಷ ಕಾಣುವುದಿಲ್ಲ.

ಟ್ಯಾಂಕು ಉಕ್ಕುವ ಕಥೆಯೂ ಬಹುಪಾಲು ಒಂದು ವಾಷರಿನದೇ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳನ್ನು ದಾಟಿ, ಹತ್ತಿರ ಹತ್ತಿರ 500 ಮೀಟರ್ ಮೇಲೇರಿ ಬರುತ್ತದೆ. ಇಷ್ಟು ದೂರ ಬಂದ ನೀರು ಕೊನೆಗೆ ಮನೆಯ ಸಂಪಿನಲ್ಲಿ, ಅಂದರೆ ನೆಲದಡಿಯ ತೊಟ್ಟಿಯಲ್ಲಿ, ಒಂದು ತೇಲುಚೆಂಡಿನ ಮಾತು ಕೇಳಿ ನಿಲ್ಲುತ್ತದೆ. ಅದು ಫ್ಲೋಟ್ ವಾಲ್ವ್: ನೀರು ಬೀಳುವ ಬಾಯಲ್ಲೊಂದು ವಾಷರ್, ಅದಕ್ಕೆ ಸೇರಿಸಿದ ಉದ್ದನೆಯ ಕಡ್ಡಿ, ಕಡ್ಡಿಯ ತುದಿಗೆ ಪೊಳ್ಳು ಚೆಂಡು. ನೀರೇರಿದಂತೆ ಚೆಂಡು ಏರಿ ಬಾಯಿ ಮುಚ್ಚುತ್ತದೆ. 11 ಸೆಂಟಿಮೀಟರ್ ಅಗಲದ ಚೆಂಡು ಅರ್ಧ ಮುಳುಗಿದಾಗ ನೀರು ಅದನ್ನು ಸುಮಾರು 350 ಗ್ರಾಮಿನಷ್ಟು ಬಲದಿಂದ ಮೇಲೆತ್ತುತ್ತದೆ. ಕಡ್ಡಿ ಸನ್ನೆಗೋಲಿನಂತೆ ಕೆಲಸ ಮಾಡುವುದರಿಂದ ವಾಷರಿನ ಹತ್ತಿರ ಆ ಬಲ ಎಷ್ಟೋ ಪಟ್ಟಾಗುತ್ತದೆ. ಕರೆಂಟು ಬೇಡ, ಕಾವಲು ಬೇಡ.

ಇದು ಕೆಟ್ಟಾಗ ಪ್ಲಂಬರು ಮೊದಲು ಕಡ್ಡಿಯನ್ನು ಕೈಯಿಂದಲೇ ಮೇಲೆತ್ತುತ್ತಾರೆ. ಆಗಲೂ ನೀರು ನಿಲ್ಲದಿದ್ದರೆ ವಾಷರ್ ಸವೆದಿದೆ, ಇಲ್ಲವೇ ಬಾಯಲ್ಲಿ ಕಸ ಸಿಕ್ಕಿದೆ. ನಿಂತರೆ ಮೊದಲ ಅನುಮಾನ ಚೆಂಡಿನ ಮೇಲೆ. ಅದನ್ನು ಬಿಚ್ಚಿ, ತೆಂಗಿನಕಾಯಿ ಆರಿಸುವವರಂತೆ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಕಾಯಿಯಲ್ಲಾದರೆ ನೀರಿನ ಸದ್ದು ಒಳ್ಳೆಯದು. ಇಲ್ಲಿ ಅದು ಚೆಂಡು ತೂತಾಗಿದೆ ಎಂಬ ಸುದ್ದಿ. ಚೆಂಡೂ ಸರಿಯಿದ್ದರೆ ಕಡ್ಡಿಯ ಮಟ್ಟ ತಪ್ಪಿದೆ. ಹಿತ್ತಾಳೆಯ ಕಡ್ಡಿಯನ್ನು ನಡುವೆ ಹಿಡಿದು ತುಸು ಕೆಳಕ್ಕೆ ಬಗ್ಗಿಸಿದರೆ ನೀರು ಅಷ್ಟು ಕೆಳಗೇ ನಿಲ್ಲುತ್ತದೆ. ಹೆಚ್ಚುವರಿ ನೀರು ಹೊರಹೋಗುವ ತೂತಿಗಿಂತ ಅಂಗುಲವಾದರೂ ಕೆಳಗೆ ಮಟ್ಟ ನಿಲ್ಲಬೇಕು.

ಮಹಡಿಯ ಟ್ಯಾಂಕಿಗೆ ಮೋಟರಿನಿಂದ ನೀರೇರಿಸುವ ಕಡೆ ಈ ಚೆಂಡು ಒಂದೇ ಸಾಲದು. ಮೋಟರು ಓಡುತ್ತಿರುವಾಗಲೇ ಬಾಯಿ ಮುಚ್ಚಿದರೆ ಒತ್ತಡವೆಲ್ಲ ಪೈಪಿನ ಮೇಲೆ ಬೀಳುತ್ತದೆ. ಅಲ್ಲಿ ನೀರು ತುಂಬಿದಾಗ ಮೋಟರನ್ನೇ ಆರಿಸುವ ಫ್ಲೋಟ್ ಸ್ವಿಚ್ ಹಾಕುತ್ತಾರೆ. ಅದಿಲ್ಲದ ಮನೆಗಳಲ್ಲಿ ಪಕ್ಕದ ಮನೆಯವರು ಕೂಗಿ ಹೇಳಬೇಕು.

ಎಲ್ಲ ಕೂಡಿಸಿದ ಮೇಲೂ ಯಾರೂ ಅವಸರ ಮಾಡುವುದಿಲ್ಲ. ನಲ್ಲಿಯ ಕೆಳಗೆ, ಗೋಡೆ ಸೇರುವ ಜಾಗದಲ್ಲಿ, ಹಳೆಯ ಪೇಪರಿನ ಚೂರೊಂದನ್ನು ಒತ್ತಿಡುತ್ತಾರೆ. ವಾಲ್ವನ್ನು ನಿಧಾನವಾಗಿ ತೆರೆದಾಗ ಪೈಪಿನ ಗಾಳಿ ಉಗ್ಗುತ್ತ ಹೊರಬರುತ್ತದೆ, ಹಿಂದೆಯೇ ಕೆಂಪು ನೀರು, ಆಮೇಲೆ ತಿಳಿನೀರು. ಸಂಪಿನ ಮುಚ್ಚಳ ಸರಿಸಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳುತ್ತಾರೆ. ಚೆಂಡು ಏರಿದಂತೆ ಧಾರೆ ಸಣ್ಣಗಾಗಿ, ಸುಯ್ ಎಂಬ ಸದ್ದಾಗಿ, ನಾಲ್ಕೈದು ಹನಿಯಾಗಿ, ನಿಲ್ಲುತ್ತದೆ. ಒಳಗೆ ಬಂದು ಪೇಪರಿನ ಚೂರು ಎತ್ತಿ ನೋಡಿದರೆ ಒಣಗಿಯೇ ಇದೆ. ಆಗ ಮನೆಯಾಕೆಯನ್ನು ಕರೆದು ನಲ್ಲಿಯನ್ನು ಅವರ ಕೈಯಲ್ಲೇ ಮುಚ್ಚಿಸುತ್ತಾರೆ. “ಎರಡೇ ಬೆರಳಲ್ಲಿ, ಅಮ್ಮಾ. ಸಾಕು, ಸಾಕು, ಬಿಡಿ.”