ಸ್ತನ ಕ್ಯಾನ್ಸರ್ ಚಿಕಿತ್ಸೆಯ ದಿನಗಳಲ್ಲಿ ವ್ಯಾಯಾಮ ಮಾಡಬಹುದೇ?

ನಮ್ಮ ಕಡೆ ಮನೆಯ ಹೆಂಗಸಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು, ವಿಷಯ ನೆರೆಮನೆಗೆ ತಿಳಿಯದಂತೆ ಮುಚ್ಚಿಡುವುದು. ಎರಡನೆಯದು, ಆಕೆಯನ್ನು ಹಾಸಿಗೆಗೆ ಸೇರಿಸುವುದು. "ಅಮ್ಮಿ, ನೀವು ಏಳಬೇಡಿ, ನಾವಿದ್ದೀವಿ" ಎನ್ನುತ್ತಾರೆ ಮಕ್ಕಳು. ಪ್ರೀತಿಯ ಮಾತೇ. ಆದರೆ ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಈ ಮಾತು ಆಕೆಗೆ ಒಳ್ಳೆಯದು ಮಾಡುವುದಿಲ್ಲ.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಕ್ಯಾನ್ಸರ್ ಬಗ್ಗೆ ಓದಿದವರಿಗೆ ಕಾರಣ ಸುಲಭವಾಗಿ ತಿಳಿಯುತ್ತದೆ. ಕಿಮೊಥೆರಪಿಯ ಔಷಧಗಳು ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶಗಳ ಜೊತೆಗೆ ಕೂದಲಿನ ಬುಡ, ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಮಜ್ಜೆ ಕೂಡ ಪೆಟ್ಟು ತಿನ್ನುತ್ತವೆ. ಕೂದಲು ಉದುರುತ್ತದೆ, ವಾಕರಿಕೆ ಬರುತ್ತದೆ, ರಕ್ತ ಕಡಿಮೆಯಾಗುತ್ತದೆ, ವಿಪರೀತ ಸುಸ್ತು. ಈ ಸುಸ್ತು ಇಡೀ ದಿನ ಟೊಮೆಟೊ ಕಿತ್ತು ಬಂದವರ ಸುಸ್ತಿನಂತಲ್ಲ. ಅದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ಮಲಗಿಯೇ ಇದ್ದರೆ ಸ್ನಾಯುಗಳು ಕ್ಷೀಣಿಸುತ್ತವೆ, ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಇಳಿಯುತ್ತದೆ. ಆಮೇಲೆ ಬಚ್ಚಲಿಗೆ ಹೋಗಿ ಬರುವುದೂ ದೊಡ್ಡ ಕೆಲಸವಾಗುತ್ತದೆ. ಸುಸ್ತು ಎಂದು ಮತ್ತೆ ಮಲಗುತ್ತಾರೆ. ಈ ಸುತ್ತನ್ನು ಮುರಿಯುವುದು ಅಳತೆಯ ವ್ಯಾಯಾಮ.

ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಅದೂ ನಮ್ಮ ಪಕ್ಕದ ಬೆಂಗಳೂರಿನಲ್ಲೇ. ಕಿಮೊಥೆರಪಿ ಪಡೆಯುತ್ತಿದ್ದ 62 ಸ್ತನ ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಯೋಗಾಭ್ಯಾಸ ಮಾಡಿದವರಲ್ಲಿ ವಾಕರಿಕೆ ಕಡಿಮೆಯಿತ್ತು. 2009ರಲ್ಲಿ ವಿಕಿರಣ ಚಿಕಿತ್ಸೆಯಲ್ಲಿದ್ದ 88 ಮಹಿಳೆಯರ ಮೇಲೆ ನಡೆದ ಆರು ವಾರಗಳ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಅವರ ಮನಸ್ಸಿನ ಸ್ಥಿತಿ ಸುಧಾರಿಸಿತ್ತು. ಯೋಗ ಎಂಬ ಹೆಸರಿಗೆ ಹಿಂಜರಿಯುವವರು ಉಸಿರಾಟದ ಅಭ್ಯಾಸ, ಕೈಕಾಲು ಚಾಚುವುದು ಎಂದುಕೊಂಡು ಮಾಡಲಿ, ದೇಹಕ್ಕೆ ಹೆಸರು ಮುಖ್ಯವಲ್ಲ. ಕೆನಡಾದಲ್ಲಿ 242 ಮಹಿಳೆಯರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಿದವರು ನಿಗದಿಯಾದ ಕಿಮೊ ಔಷಧವನ್ನು ಹೆಚ್ಚು ಪೂರ್ಣವಾಗಿ ಪಡೆಯಲು ಸಾಧ್ಯವಾಯಿತು. ನಂತರದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಕಂಡಿಲ್ಲ. ಆದರೆ ಸುಸ್ತು ಕಡಿಮೆಯಾಗುತ್ತದೆ ಎಂಬುದು ಮತ್ತೆ ಮತ್ತೆ ಕಂಡಿದೆ.

ಒಂದು ಮಾತು ಸ್ಪಷ್ಟವಾಗಿರಲಿ. ವ್ಯಾಯಾಮದಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ. ಕಿಮೊ ಬಿಟ್ಟು ನಡಿಗೆ ಹಿಡಿಯುವುದು, ನಾಟಿ ಔಷಧಿ ಹಿಡಿಯುವುದು ಎರಡೂ ಪ್ರಾಣಕ್ಕೆ ಅಪಾಯ. ಚಿಕಿತ್ಸೆಯನ್ನು ತಾಳಿಕೊಳ್ಳಲು ವ್ಯಾಯಾಮ ನೆರವಾಗುತ್ತದೆ, ಅಷ್ಟೇ.

ಎಷ್ಟು ಮಾಡಬೇಕು? ತಜ್ಞರು ಹೇಳುವ ಗುರಿ ವಾರಕ್ಕೆ ಮೂರು ದಿನ 30 ನಿಮಿಷ ನಡಿಗೆ, ಎರಡು ದಿನ ಸ್ನಾಯುಗಳಿಗೆ ಹಗುರ ವ್ಯಾಯಾಮ. ಇದು ಗುರಿ ಮಾತ್ರ, ಮೊದಲ ದಿನದ ಪಾಠವಲ್ಲ. ಐದು ನಿಮಿಷದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಬಹುದು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿದ್ದರೆ ಸಾಕು. ಕೂದಲು ಉದುರಿದ ಮೇಲೆ ಬೀದಿಗೆ ಬರಲು ಅನೇಕರಿಗೆ ಮನಸ್ಸಿರುವುದಿಲ್ಲ. ಫಜರ್ ನಮಾಜಿನ ನಂತರ ಮನೆಯ ತಾರಸಿಯ ಮೇಲೆ ನಡೆದರೂ ಅದೇ ಲಾಭ.

ಕೈಯ ವಿಷಯ ಬೇರೆ ಹೇಳಬೇಕು. ಶಸ್ತ್ರಚಿಕಿತ್ಸೆಯ ನಂತರ ಆ ಕಡೆಯ ಭುಜ ಬಿಗಿಯುತ್ತದೆ. ತಲೆ ಬಾಚಲು, ತಕ್ಬೀರಿಗೆ ಭುಜದ ಮಟ್ಟಕ್ಕೆ ಕೈ ಎತ್ತಲು ಕೂಡ ನೋವಾಗುತ್ತದೆ. ವೈದ್ಯರು ಒಪ್ಪಿದ ದಿನದಿಂದ ಗೋಡೆಯ ಮೇಲೆ ಬೆರಳುಗಳನ್ನು ಇಂಚಿಂಚೇ ಮೇಲಕ್ಕೆ ನಡೆಸುವ ವ್ಯಾಯಾಮ ಮಾಡಬೇಕು. ಕಂಕುಳಿನ ಗ್ರಂಥಿ ತೆಗೆದವರಿಗೆ ಕೈ ಊದುವ ಭಯವಿರುತ್ತದೆ. ಅದಕ್ಕೇ "ಜೀವಮಾನವಿಡೀ ಭಾರ ಎತ್ತಬೇಡಿ" ಎಂದು ಹಿಂದೆ ಹೇಳುತ್ತಿದ್ದರು. ಆದರೆ ಚಿಕಿತ್ಸೆ ಮುಗಿದು ಕೈ ಊದಿದ್ದ 141 ಮಹಿಳೆಯರು ತಿಳಿದವರ ಮಾರ್ಗದರ್ಶನದಲ್ಲಿ ಸ್ವಲ್ಪ ಸ್ವಲ್ಪವೇ ತೂಕ ಹೆಚ್ಚಿಸುತ್ತಾ ಹೋದಾಗ ಊತ ಹೆಚ್ಚಲಿಲ್ಲ ಎಂದು 2009ರ ಅಮೆರಿಕದ ಅಧ್ಯಯನ ತೋರಿಸಿತು.

ಹಾಗೆಂದು ನೀರಿನ ಬಿಂದಿಗೆ ಹೊರುವುದು, ರಾಶಿ ಬಟ್ಟೆ ಒಗೆಯುವುದು ವ್ಯಾಯಾಮವಲ್ಲ. "ನಮ್ಮಮ್ಮ ದಿನವಿಡೀ ಕೆಲಸ ಮಾಡ್ತಾರೆ, ಅದೇ ಸಾಕು" ಎನ್ನುವವರೂ ಇದ್ದಾರೆ. ಮನೆಗೆಲಸಕ್ಕೆ ಅಳತೆಯಿಲ್ಲ, ಸುಸ್ತಾದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಇಲ್ಲ. ಬಿಂದಿಗೆ ಮಗ ಹೊರಲಿ, ಅಮ್ಮಿ ನಡೆಯಲಿ.

ವ್ಯಾಯಾಮ ಬಿಡಬೇಕಾದ ದಿನಗಳೂ ಉಂಟು. ಜ್ವರ, ಎದೆನೋವು, ತಲೆಸುತ್ತು, ಕೂತಲ್ಲೇ ಏದುಸಿರು, ಹೊಸದಾಗಿ ಕೈಯಲ್ಲಿ ಊತ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ತಿಳಿಸಬೇಕು. ಕಿಮೊ ಪಡೆಯುವವರಿಗೆ ಬರುವ ಜ್ವರವನ್ನು ಬೆಳಗಾಗಲಿ ಎಂದು ಕಾಯುತ್ತಾ ಕೂರಬಾರದು, ಬಿಳಿ ರಕ್ತಕಣಗಳು ಕಡಿಮೆಯಿದ್ದಾಗ ಸೋಂಕು ಬೇಗ ಏರುತ್ತದೆ. ರೋಗ ಮೂಳೆಗೆ ಹರಡಿದ್ದರೆ ಯಾವ ಚಲನೆ ಸರಿ ಎಂಬುದನ್ನು ವೈದ್ಯರೇ ಹೇಳಬೇಕು.

ಮುಳಬಾಗಿಲು, ಶ್ರೀನಿವಾಸಪುರದಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರಲು ಒಂದು ದಿನ ಪೂರ್ತಿ ಬೇಕು. ಆ ಓಡಾಟದಲ್ಲಿ ಔಷಧಿ, ರಕ್ತಪರೀಕ್ಷೆ, ಬಸ್ಸಿನ ಸಮಯ ಇಷ್ಟರಲ್ಲೇ ಎಲ್ಲ ಮುಗಿದುಹೋಗುತ್ತದೆ. ಜೊತೆಗೆ ಹೋಗುವ ವಿದ್ಯಾರ್ಥಿಗಳು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಅಮ್ಮಿ ಈಗ ಎಷ್ಟು ಹೊತ್ತು ನಡೆಯಬಹುದು? ಕೈಯ ವ್ಯಾಯಾಮ ಯಾವತ್ತಿನಿಂದ? ಅದನ್ನು ತೋರಿಸಿಕೊಡುವ ಫಿಸಿಯೋಥೆರಪಿಸ್ಟ್ ಎಲ್ಲಿ ಸಿಗುತ್ತಾರೆ?