ನಿಗ್ರಹ, ದಮ, ಶಮ, ಸಂಯಮ: ಅರ್ಥಚ್ಛಾಯೆಗಳು

ಮನಸ್ಸನ್ನೂ ಇಂದ್ರಿಯಗಳನ್ನೂ ವಶದಲ್ಲಿರಿಸಿಕೊಳ್ಳುವುದನ್ನು ಸೂಚಿಸಲು ನಿಗ್ರಹ, ದಮ, ಶಮ, ಸಂಯಮ ಮೊದಲಾದ ಶಬ್ದಗಳು ಬಳಕೆಯಲ್ಲಿವೆ. ಇವನ್ನು ಪರ್ಯಾಯ ಪದಗಳೆಂದೇ ಭಾವಿಸುವುದು ವಾಡಿಕೆ. ಆದರೆ ಒಂದೊಂದರ ಹಿಂದೆಯೂ ಬೇರೆ ಬೇರೆ ದೃಷ್ಟಿಯಿದೆ. ಈ ಭೇದವನ್ನು ಮರೆತು ವಚನಗಳನ್ನು ಓದಿದರೆ ಶರಣರ ನಿಲುವೇ ತಲೆಕೆಳಗಾಗುವ ಸಂಭವವುಂಟು.

‘ನಿಗ್ರಹ’ದಲ್ಲಿರುವುದು ‘ಗ್ರಹ್’ ಎಂಬ ಧಾತು. ಹಿಡಿ ಎಂದು ಅದರ ಅರ್ಥ. ‘ನಿ’ ಉಪಸರ್ಗವು ಸೇರಿದಾಗ ಅದುಮಿ ಹಿಡಿಯುವ ಭಾವ ಬರುತ್ತದೆ. ಶತ್ರುನಿಗ್ರಹ, ದುಷ್ಟನಿಗ್ರಹ ಎಂಬ ಪ್ರಯೋಗಗಳನ್ನು ನೋಡಬಹುದು. ಇದಕ್ಕೆ ಎದುರಾದ ಪದ ಅನುಗ್ರಹ. ಆದುದರಿಂದ ಇಂದ್ರಿಯನಿಗ್ರಹವೆಂದಾಗ ಇಂದ್ರಿಯಗಳನ್ನು ಹಗೆಗಳೆಂದು ಬಗೆದಂತಾಗುತ್ತದೆ.

‘ದಮ’ದಲ್ಲಿ ಹಗೆತನವಿಲ್ಲ, ಪಳಗಿಸುವುದು ಅದರ ಮೂಲಾರ್ಥ. ಪಳಗಿಸಬೇಕಾದ ಎಳೆಯ ಹೋರಿಗೆ ‘ದಮ್ಯ’ವೆಂದು ಹೆಸರು. ಒಕ್ಕಲಿಗನಿಗೆ ಹೋರಿಯ ಕಸುವು ಬೇಕು, ಅದರ ಪುಂಡಾಟ ಬೇಡ. ಕಠೋಪನಿಷತ್ತಿನ ರಥದ ಉಪಮೆಯೂ ಇದನ್ನೇ ಸಾರುತ್ತದೆ: ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಕುದುರೆಗಳನ್ನು ಕೊಂದರೆ ರಥವು ಸಾಗದು.

ವೇದಾಂತ ಗ್ರಂಥಗಳು ದಮವನ್ನು ಬಾಹ್ಯೇಂದ್ರಿಯಗಳಿಗೂ ಶಮವನ್ನು ಅಂತಃಕರಣಕ್ಕೂ ಅನ್ವಯಿಸುತ್ತವೆ. ಸಿಟ್ಟು ಬಂದಾಗ ನಾಲಗೆಯನ್ನು ತಡೆಹಿಡಿಯುವುದು ದಮ. ಒಳಗಿನ ಸಿಟ್ಟೇ ತಣ್ಣಗಾಗುವುದು ಶಮ. ‘ಸಂಯಮ’ವಾದರೋ ಒಟ್ಟುಗೂಡಿಸಿ ಹಿಡಿಯುವುದು. ಪತಂಜಲಿಯು ಧಾರಣ, ಧ್ಯಾನ, ಸಮಾಧಿಗಳು ಮೂರೂ ಒಂದೇ ವಿಷಯದಲ್ಲಿ ನೆಲೆಗೊಳ್ಳುವುದಕ್ಕೆ ಈ ಹೆಸರನ್ನಿತ್ತಿದ್ದಾನೆ. ಇಲ್ಲಿ ತಡೆಗಿಂತ ಏಕಾಗ್ರತೆಯೇ ಪ್ರಧಾನ.

ಅಚ್ಚಗನ್ನಡದ ‘ಅಡಗು’ ಎಂಬ ಕ್ರಿಯಾಪದವೂ ವಿಚಾರಾರ್ಹವಾದುದು. ಬಿರುಗಾಳಿ ಅಡಗಿತು ಎಂದರೆ ಶಾಂತವಾಯಿತೆಂದರ್ಥ. ಬೂದಿಯಲ್ಲಿ ಕೆಂಡ ಅಡಗಿದೆ ಎಂದರೆ ಮರೆಯಾಗಿದೆಯೆಂದರ್ಥ. ಆಸೆಯನ್ನು ಅಡಗಿಸಿದೆನೆನ್ನುವವನು ಅದನ್ನು ಶಾಂತಗೊಳಿಸಿದನೋ ಬಚ್ಚಿಟ್ಟನೋ ಎಂಬ ಪ್ರಶ್ನೆ ಆ ಶಬ್ದದಲ್ಲಿಯೇ ಹುದುಗಿದೆ.

ಬಸವಣ್ಣನವರ ಒಂದು ಪ್ರಸಿದ್ಧ ವಚನವು ಈ ಪ್ರಶ್ನೆಗೆ ಉತ್ತರವೆಂಬಂತಿದೆ. ಇಂದ್ರಿಯಗಳನ್ನು ನಿಗ್ರಹಿಸಿದರೆ ದೋಷಗಳು ಹತ್ತುತ್ತವೆ, ಇಂದ್ರಿಯಗಳೇ ಮುಂದೆ ಬಂದು ಕಾಡುತ್ತವೆ ಎಂಬುದು ಅದರ ಆಶಯ. ಸಿರಿಯಾಳ ಚಂಗಳೆಯರು ದಾಂಪತ್ಯಸುಖವನ್ನು ತೊರೆದರೇ ಎಂದು ಅವರು ಕೇಳುತ್ತಾರೆ. ಆದರೆ ಇದನ್ನು ಸ್ವೇಚ್ಛೆಗೆ ಅಪ್ಪಣೆಯೆಂದು ತಿಳಿಯುವವರು ವಚನವನ್ನು ಕೊನೆಯವರೆಗೆ ಓದಿದವರಲ್ಲ. ಪರಧನ ಪರಸತಿಯರಿಗೆ ಎಳಸಿದವನು ದೇವನ ಚರಣಕ್ಕೆ ದೂರನೆಂದೇ ಅದು ಮುಗಿಯುತ್ತದೆ. ಬಸವಣ್ಣನವರು ಅಲ್ಲಗಳೆದುದು ನಿಗ್ರಹವನ್ನು, ಸಂಯಮವನ್ನಲ್ಲ. ತನ್ನದಾದುದನ್ನು ಲಿಂಗಕ್ಕರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದು, ಪರರದನ್ನು ಬಯಸದಿರುವುದು: ಇವೆರಡೂ ಕೂಡಿಯೇ ಶರಣರ ಸಂಯಮ.

ಅಕ್ಕಮಹಾದೇವಿಯ ಒಂದು ವಚನದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಹಸಿವು, ತೃಷೆ, ನಿದ್ರೆಗಳನ್ನು ಆಕೆ ಹೊಡೆದಟ್ಟುವುದಿಲ್ಲ. ನಿಲ್ಲಿರೆಂದು ಕರೆದು ಹೇಳುತ್ತಾಳೆ. ತಾನು ಚೆನ್ನಮಲ್ಲಿಕಾರ್ಜುನನ ಅವಸರದ ಓಲೆಯನ್ನು ಒಯ್ಯುತ್ತಿರುವೆನೆಂದು ತಿಳಿಸಿ, ಅವಕ್ಕೇ ಶರಣಾರ್ಥಿ ಎನ್ನುತ್ತಾಳೆ. ಹಗೆಗೆ ಯಾರೂ ಶರಣಾರ್ಥಿ ಹೇಳುವುದಿಲ್ಲ. ಒಯ್ಯುವ ಓಲೆಯ ಮಹತ್ವವನ್ನು ಅರಿತವರಿಗೆ ದಾರಿಯಲ್ಲಿ ನಿಲ್ಲಲು ಬಿಡುವಿರುವುದಿಲ್ಲ. ಅಲ್ಲಿ ಬಲಾತ್ಕಾರದ ಅಗತ್ಯವೂ ಉಳಿಯುವುದಿಲ್ಲ.

ಆದುದರಿಂದ ವಚನಗಳಿಗೆ ಅರ್ಥ ಹೇಳುವಾಗ ಎಲ್ಲೆಡೆಯೂ ‘ಇಂದ್ರಿಯನಿಗ್ರಹ’ವೆಂದು ಬರೆದು ಮುಗಿಸುವುದು ಉಚಿತವಲ್ಲ. ಹಾಗೆ ಬರೆದರೆ ಕಾಯವನ್ನೇ ಕೈಲಾಸವನ್ನಾಗಿಸಿಕೊಂಡವರನ್ನು ಕಾಯದ ಹಗೆಗಳೆಂದು ಚಿತ್ರಿಸಿದಂತಾಗುತ್ತದೆ. ಸಾಧಕನಿಗೂ ಈ ವಿವೇಕ ಬೇಕು. ಅದುಮಿದುದು ಎಂದಾದರೂ ಮೇಲೇಳುತ್ತದೆ. ಅರ್ಪಿಸಿದುದು ಪ್ರಸಾದವಾಗಿ ಮರಳುತ್ತದೆ.