ಅತಿಥಿಯ ಗಡುವು

ಯಾರ ಬರವಿಗೆ ಗೊತ್ತಾದ ತಿಥಿಯಿಲ್ಲವೋ ಅವನೇ ಅತಿಥಿಯೆಂದು ಸಂಸ್ಕೃತ ಪಂಡಿತರು ಆ ಶಬ್ದಕ್ಕೆ ಅರ್ಥ ಹೇಳುವುದುಂಟು. ಅಮೆರಿಕಾ ದೇಶದ ಕಾನೂನು ಬೇರೆ ಬಗೆಯದು. ಅಲ್ಲಿ ವಿಮಾನದಿಂದಿಳಿದು ಒಳಬರುವಾಗಲೇ ಅತಿಥಿಯು ಹೊರಡತಕ್ಕ ತಿಥಿಯು ಗೊತ್ತಾಗಿಬಿಡುತ್ತದೆ. 2020ನೆಯ ಇಸವಿಯ ಮಹಾಮಾರಿಯಲ್ಲಿ ಈ ತಿಥಿಯು ನಮ್ಮ ಕಡೆಯ ಎಷ್ಟೋ ಮಂದಿ ತಾಯಿತಂದೆಗಳ ನಿದ್ರೆ ಕೆಡಿಸಿತು. ಮಗಳ ಬಾಣಂತನಕ್ಕೆಂದು ಸಮುದ್ರ ದಾಟುವ ಗೃಹಿಣಿಯರು ಈಗಲೂ ಬಹಳ ಮಂದಿ ಇರುವುದರಿಂದ ಆ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಮೊದಲು ತಿಳಿಯತಕ್ಕ ವಿಷಯವೊಂದುಂಟು. ಪ್ರವಾಸಿಗಳ ವೀಸಾ ಮುದ್ರೆಯಲ್ಲಿ ನಮ್ಮವರಿಗೆ ಸಾಮಾನ್ಯವಾಗಿ 10 ವರ್ಷಗಳ ಅವಧಿಯಿರುತ್ತದೆ. ಅದು ಬಾಗಿಲು ತಟ್ಟುವುದಕ್ಕೆ ಅಪ್ಪಣೆಯೇ ಹೊರತು ಒಳಗೆ ವಾಸಮಾಡುವುದಕ್ಕಲ್ಲ. ವಾಸದ ಗಡುವು ಐ-94 ಎಂಬ ಬೇರೊಂದು ದಾಖಲೆಯಲ್ಲಿದೆ. ಬಹುಮಟ್ಟಿಗೆ ಅದು ಆರು ತಿಂಗಳು. ಗಡುವು ಮೀರಿ ನಿಂತರೆ ವೀಸಾ ನಿರರ್ಥಕವಾಗುತ್ತದೆ. ಅಕ್ರಮವಾಸದ ದಿನಗಳು 180ನ್ನು ಮೀರಿದರೆ, ಹೊರಟುಬಂದವರು 3 ವರ್ಷ ಮರಳಿ ಕಾಲಿಡುವಂತಿಲ್ಲ. ಒಂದು ವರ್ಷಕ್ಕೆ ಮುಟ್ಟಿದರೆ 10 ವರ್ಷ. ಅರುವತ್ತೈದರ ಅಜ್ಜಿಗೆ 10 ವರ್ಷವೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನನ್ನ ಅಕ್ಕಭಾವಂದಿರು 2019ನೆಯ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋದರು. ಡಿಸೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಏಪ್ರಿಲ್ ಕೊನೆಗೆ ಹಿಂದಿರುಗುವ ಟಿಕೇಟು. ಮೇ 19ಕ್ಕೆ ಗಡುವು. ಅಷ್ಟರಲ್ಲಿ ಮಾರ್ಚಿ 23ರಿಂದ ಭಾರತಕ್ಕೆ ಹೊರದೇಶಗಳ ಪ್ರಯಾಣಿಕ ವಿಮಾನಗಳು ನಿಂತುಹೋದುವು. ಹೊರಡಿರೆನ್ನುವ ಪರದೇಶವೊಂದು ಕಡೆ, ಬರುವುದಕ್ಕೆ ದಾರಿಯಿಲ್ಲದ ಸ್ವದೇಶವೊಂದು ಕಡೆ. ಭಾವನವರ ರಕ್ತದೊತ್ತಡದ ಮಾತ್ರೆಗಳು ಬೇರೆ ಮುಗಿಯುತ್ತ ಬಂದಿದ್ದುವು. ಅಲ್ಲಿಯ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಅವು ಸಿಕ್ಕುವುದಿಲ್ಲ.

ಥಾಯ್ಲೆಂಡ್ ಸರಕಾರವು ಸಿಕ್ಕಿಬಿದ್ದ ಪ್ರವಾಸಿಗಳ ಗಡುವನ್ನು ತಾನಾಗಿಯೇ ಜುಲೈ 31ರವರೆಗೂ, ಅಲ್ಲಿಂದ ಸೆಪ್ಟೆಂಬರ್ 26ರವರೆಗೂ ಮುಂದೂಡಿತು. ಅಮೆರಿಕಾದಲ್ಲಿ ಅಂಥ ಸಾರ್ವತ್ರಿಕ ಏರ್ಪಾಡಿರಲಿಲ್ಲ. ಬೇಕಾದವರು ಐ-539 ಎಂಬ ನಮೂನೆಯಲ್ಲಿ ಅರ್ಜಿ ಹಾಕಬೇಕು. ಶುಲ್ಕವು ಆಗ 370 ಡಾಲರು, ಬೆರಳಚ್ಚಿಗೆಂದು ತಲೆಗೆ 85. ದಂಪತಿಗಳಿಗೆ ಕೂಡಿ 540. ಬೆರಳಚ್ಚಿನ ಶುಲ್ಕವನ್ನು 2023ರಲ್ಲಿ ತೆಗೆದುಹಾಕಿದರು. ಅರ್ಜಿಯ ಶುಲ್ಕವು 2024ರಲ್ಲಿ ಏರಿತು.

ಇನ್ನೂ ಇರಬೇಕಾದ ಕಾರಣವೇನು, ಯಾರ ಹಣದಿಂದ ಜೀವನ, ಊರಿಗೆ ಮರಳುವಿರೆಂಬುದಕ್ಕೆ ಸಾಕ್ಷಿಯೇನು, ಈ ಮೂರಕ್ಕೂ ಕಾಗದ ಬೇಕು. ಭಾವನವರು ರದ್ದಾದ ಟಿಕೇಟನ್ನೂ ಅಳಿಯನ ಬ್ಯಾಂಕಿನ ಲೆಕ್ಕವನ್ನೂ ತಮ್ಮ ಪಿಂಚಣಿಯ ಪತ್ರವನ್ನೂ ಲಗತ್ತಿಸಿದರು. ಊರಿನ ಮನೆಯ ಕಂದಾಯದ ರಸೀದಿಯು ಕನ್ನಡದಲ್ಲಿದ್ದಿತು. ಅಂಥದಕ್ಕೆ ಪೂರ್ಣವಾದ ಇಂಗ್ಲಿಷ್ ಅನುವಾದವಿರಬೇಕು. ತನಗೆ ಎರಡು ಭಾಷೆಗಳೂ ಬರುವುವೆಂದು ಅನುವಾದಕನು ರುಜು ಹಾಕಬೇಕು. ಆ ಕೆಲಸವು ನನ್ನ ಪಾಲಿಗೆ ಬಂದಿತು. ‘ಹಿತ್ತಲು’ ಎಂಬುದಕ್ಕೆ ತಕ್ಕ ಶಬ್ದವನ್ನು ಹುಡುಕುವುದರಲ್ಲಿ ಒಂದು ಸಂಜೆಯೇ ಕಳೆಯಿತು!

ಗಡುವಿಗೆ 45 ದಿನ ಮುಂಚೆಯಾದರೂ ಅರ್ಜಿ ಸಲ್ಲಲಿ ಎಂದು ಅಲ್ಲಿಯ ಸರಕಾರವೇ ಸಲಹೆ ಕೊಡುತ್ತದೆ. ಎಲ್ಲದರ ಮರ್ಮವೂ ಇಲ್ಲಿದೆ. ಗಡುವಿನೊಳಗೆ ಅರ್ಜಿ ಸಲ್ಲಿದ್ದರೆ, ಉತ್ತರ ಬರುವತನಕ ಕಳೆಯುವ ದಿನಗಳನ್ನು ಅಕ್ರಮವಾಸವೆಂದು ಎಣಿಸುವುದಿಲ್ಲ. ಮಹಾಮಾರಿಯ ಕಾರಣದಿಂದ ತಡವಾದುದನ್ನು ಕ್ಷಮಿಸಬಹುದೆಂದು ಏಪ್ರಿಲ್ 13ರಂದು ಪ್ರಕಟಣೆಯೇನೋ ಬಂದಿತು. ಆದರೆ ಕ್ಷಮಿಸುವುದು ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದು. ಅಕ್ಕಭಾವಂದಿರ ಅರ್ಜಿಯು ಏಪ್ರಿಲಿನ ಮೊದಲ ವಾರದಲ್ಲಿಯೇ ಅಂಚೆಯಲ್ಲಿ ಹೋಗಿತ್ತು. ಸ್ವಲ್ಪ ದಿನದಲ್ಲಿ ಅದು ಮುಟ್ಟಿದ ರಸೀದಿ ಬಂದಿತು. ಅಂದಿನಿಂದ ಅಕ್ಕನ ಧ್ವನಿ ದೂರವಾಣಿಯಲ್ಲಿ ಮೊದಲಿನಂತಾಯಿತು.

ಮೇ 7ರಿಂದ ‘ವಂದೇ ಭಾರತ್’ ಎಂಬ ಹೆಸರಿನಲ್ಲಿ ನಮ್ಮ ಸರಕಾರದ ವಿಶೇಷ ವಿಮಾನಗಳು ಹೊರಟುವು. ವೀಸಾ ಮುಗಿಯುವವರು, ವೃದ್ಧರು, ಗರ್ಭಿಣಿಯರು, ರೋಗಿಗಳು ಇವರಿಗೆ ಆದ್ಯತೆ. ಅಮೆರಿಕಾದಿಂದ ಬರುವವರು ತೆರಬೇಕಾದ ದರ ಸುಮಾರು ಒಂದು ಲಕ್ಷ ರೂಪಾಯಿ. ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ, ಸರದಿ ಕಾದು, ಜೂನ್ ಕೊನೆಗೆ ಇಬ್ಬರೂ ಬೆಂಗಳೂರಿಗೆ ಬಂದಿಳಿದರು. ಅರ್ಜಿಗೆ ಉತ್ತರವು ಆಗಿನ್ನೂ ಬಂದಿರಲಿಲ್ಲ.

2023ರಲ್ಲಿ ಅವರು ಮತ್ತೆ ಹೋದರು. ಹಿಂದಿನ ಸಲ ಆರು ತಿಂಗಳಿಗಿಂತ ಹೆಚ್ಚು ನಿಂತುದೇಕೆಂದು ವಿಮಾನ ನಿಲ್ದಾಣದ ಅಧಿಕಾರಿಯು ಕೇಳಿದನಂತೆ. ಅಕ್ಕ ಕೈಚೀಲದಿಂದ ಆ ರಸೀದಿಯನ್ನು ತೆಗೆದುಕೊಟ್ಟಳು. ಅವನು ಓದಿ, ಹಿಂದಕ್ಕೆ ಕೊಟ್ಟು, ಇನ್ನಾರು ತಿಂಗಳ ಗಡುವನ್ನು ಕೊಟ್ಟನು. ಹೊರಗೆ ಮೂರು ವರ್ಷದ ಮೊಮ್ಮಗಳು ಕಾದಿದ್ದಳು.